ರಾತ್ರಿಯನ್ನು ನಿಧಿಗಳ್ಳರಿಗೆ ಬಿಟ್ಟುಕೊಟ್ಟಿದ್ದೇವೆ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಹಳೆಯ ಕಲ್ಲುಗಳಿರುವ ಗುಡ್ಡದ ಕಡೆ ಹೊತ್ತು ಮುಳುಗಿದ ಮೇಲೆ ಟಾರ್ಚ್ ಹಿಡಿದು ಹೊರಟರೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಏನ್ರೀ, ನಿಧಿ ತೆಗೀಲಿಕ್ಕೆ ಬಂದೀರೇನು?" ಕೇಳುವವರ ದನಿಯಲ್ಲಿ ತಮಾಷೆ ಇರುವುದಿಲ್ಲ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಬೆಟ್ಟಕ್ಕೆ ಕುರಿ ಹೊಡೆದುಕೊಂಡು ಹೋದವರು ಅಲ್ಲಿ ಹೊಸದಾಗಿ ತೋಡಿದ ಗುಂಡಿ, ಕೊಯ್ದ ನಿಂಬೆಹಣ್ಣು, ಚೆಲ್ಲಿದ ಕುಂಕುಮ, ಮಗುಚಿ ಬಿದ್ದ ಚಪ್ಪಡಿ ಕಂಡಿರುತ್ತಾರೆ. ಪುರಾತನ ನೆಲೆಗಳಿಗೆ ರಾತ್ರಿ ಹೋಗುವವರೆಂದರೆ ಅವರ ಮಟ್ಟಿಗೆ ನಿಧಿಗಳ್ಳರು. ಬೇರೆ ಯಾರೂ ಹೋಗುವುದನ್ನು ಅವರು ಕಂಡೇ ಇಲ್ಲ.

ಕಾನೂನೂ ಹೆಚ್ಚುಕಡಿಮೆ ಹಾಗೆಯೇ ಯೋಚಿಸುತ್ತದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತವೆ. ಗೋಡೆ, ಗೇಟು ಇರುವ ದೇವಾಲಯಕ್ಕೆ ಈ ನಿಯಮ ಸರಿಹೊಂದುತ್ತದೆ. ಆದರೆ ಬೆಟ್ಟದ ತಲೆಯ ಮೇಲೆ ಹರಡಿಕೊಂಡಿರುವ ನೂರಾರು ಗೋರಿಗಳಿಗೆ ಗೇಟು ಹಾಕುವುದು ಎಲ್ಲಿ? ನಿಯಮ ಪಾಲಿಸುವವರು ಸಂಜೆ ಆರಕ್ಕೆ ಇಳಿದುಬಿಡುತ್ತಾರೆ, ಪಾಲಿಸದವರು ಹತ್ತಕ್ಕೆ ಹತ್ತುತ್ತಾರೆ. ಈ ಲೆಕ್ಕದಲ್ಲಿ ನಾವು ಎರಡು ಸಲ ಸೋಲುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಒಂದು ಕಡೆ ಕಲ್ಲುಗಳು ಹಾಳಾಗುತ್ತಿವೆ. ಇನ್ನೊಂದು ಕಡೆ, ಆ ಕಲ್ಲುಗಳನ್ನು ಚೆನ್ನಾಗಿ ನೋಡಬಹುದಾದ ಹೊತ್ತೇ ನಮ್ಮ ಕೈತಪ್ಪಿದೆ.

ಹಿರೇಬೆಣಕಲ್ಲನ್ನೇ ತೆಗೆದುಕೊಳ್ಳೋಣ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಈ ಊರಿನ ಬೆಟ್ಟದ ಮೇಲೆ, ಬಂಡೆಗಳ ಸಂದಿನಲ್ಲಿ ಏರುವ ಕಾಲುದಾರಿ ಮುಗಿದಲ್ಲಿ, ಬೃಹತ್ ಶಿಲಾಯುಗದ ಸುಮಾರು 400 ರಚನೆಗಳಿವೆ. ಮೂರು ಕಡೆ ನಿಲ್ಲಿಸಿದ ಕಲ್ಲುಚಪ್ಪಡಿ, ಮೇಲೊಂದು ಹಾಸುಗಲ್ಲು, ಕೆಲವಕ್ಕೆ ಮುಂಭಾಗದ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿ. ಮೊಣಕಾಲೆತ್ತರದವೂ ಇವೆ, ಆಳೆತ್ತರವನ್ನು ಮೀರಿದವೂ ಇವೆ. ಪಕ್ಕದಲ್ಲೊಂದು ಕೆರೆ. ಗೋರಿಗಳಿಗೆ ಬೇಕಾದ ಕಲ್ಲನ್ನು ಅಲ್ಲಿಂದಲೇ ಎಬ್ಬಿಸಿದ್ದಾರೆ. ಇವುಗಳ ಕಾಲ ಅಂದಾಜು ಕ್ರಿ.ಪೂ. 800ರಿಂದ 200. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಸೀಮೆಯ ಇಂಥ ಕಲ್ಲುಗಳ ಬಗ್ಗೆ ಬರೆದಿದ್ದ. ನಮ್ಮವರೇ ಆದ ಅ. ಸುಂದರ ಅವರು ಉತ್ತರ ಕರ್ನಾಟಕದ ಶಿಲಾಗೋರಿಗಳನ್ನು ಬೆಟ್ಟ ಬೆಟ್ಟ ಸುತ್ತಿ ಅಭ್ಯಾಸ ಮಾಡಿದರು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಜನ ಇದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರು ಅಂದರೆ ಗಿಡ್ಡ ದೇಹದ, ಅಪಾರ ಬಲದ ಜನ. ಬೆಂಕಿಯ ಮಳೆ ಸುರಿಯುವ ಸುದ್ದಿ ತಿಳಿದು ಈ ಕಲ್ಲುಮನೆಗಳನ್ನು ಕಟ್ಟಿಕೊಂಡರು, ಕೊನೆಗೆ ಅದರೊಳಗೇ ತೀರಿಹೋದರು ಎಂಬುದು ಕಥೆ. ಕರ್ನಾಟಕದ ಹಲವು ಕಡೆ ಇಂಥ ಗೋರಿಗಳಿಗೆ ಮೋರೇರ ಮನೆ, ಪಾಂಡವರ ಮನೆ ಎಂಬ ಹೆಸರುಗಳಿವೆ. ಈ ಕಥೆಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಾವಲುಗಾರರಿಲ್ಲದ ಕಾಲದಲ್ಲಿ ಈ ಗೋರಿಗಳನ್ನು ಕಾದದ್ದು ಆ ಕಥೆ ಹುಟ್ಟಿಸಿದ ಅಂಜಿಕೆ. ಅದು ಸಡಿಲವಾದ ಕಡೆಯಲ್ಲೆಲ್ಲ ಗುದ್ದಲಿ ಇಳಿದಿದೆ.

ಗುದ್ದಲಿ ಹಿಡಿದವರಿಗೆ ಏನು ಸಿಗುತ್ತದೆ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಉತ್ಖನನ ಮಾಡಿದಂದಿನಿಂದ ಇಂದಿನವರೆಗೆ ದಕ್ಷಿಣ ಭಾರತದ ಬೃಹತ್ ಶಿಲಾ ಗೋರಿಗಳಲ್ಲಿ ಸಿಗುತ್ತ ಬಂದಿರುವುದು ಕಪ್ಪು-ಕೆಂಪು ಬಣ್ಣದ ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಕತ್ತಿ, ಭರ್ಜಿ, ಕೊಡಲಿ, ಮೂಳೆಯ ತುಂಡುಗಳು, ಕಲ್ಲಿನ ಮಣಿಗಳು. ಚಿನ್ನದ ಸಣ್ಣ ಮಣಿಗಳು ಅಪರೂಪಕ್ಕೆ ಸಿಕ್ಕಿದ್ದುಂಟು. ಕೊಪ್ಪರಿಗೆ ತುಂಬ ಹೊನ್ನು ಎಲ್ಲಿಯೂ ಸಿಕ್ಕಿಲ್ಲ. ಸಿಗುವ ಹಾಗೂ ಇರಲಿಲ್ಲ, ಏಕೆಂದರೆ ಈ ಗೋರಿಗಳನ್ನು ಕಟ್ಟಲು ಶುರುಮಾಡಿದ ಕಾಲಕ್ಕೆ ಈ ಸೀಮೆಯಲ್ಲಿ ನಾಣ್ಯದ ಚಲಾವಣೆಯೇ ಇರಲಿಲ್ಲ. ರಾತ್ರೋರಾತ್ರಿ ಒಡೆದ ಮಡಕೆಯ ಜೊತೆ ಹೋಗುವುದು ಅದು ಮಣ್ಣಿನ ಯಾವ ಪದರದಲ್ಲಿತ್ತು, ಯಾರ ತಲೆಯ ಬಳಿ ಇತ್ತು, ಅದರೊಳಗೆ ಯಾವ ಕಾಳಿತ್ತು ಎಂಬ ಮಾಹಿತಿ. ಅದನ್ನು ಯಾವ ಮ್ಯೂಸಿಯಂ ಕೂಡ ಮತ್ತೆ ಜೋಡಿಸಲಾರದು.

ಇದು ಕಳೆದುಕೊಳ್ಳುತ್ತಿರುವುದರ ಮಾತಾಯಿತು. ಇನ್ನು, ರಾತ್ರಿ ಹೋದರೆ ಕಾಣುವುದೇನು?

ಮೊದಲು ಹಗಲು ಕಾಣದಿರುವುದರಿಂದ ಶುರುಮಾಡಬೇಕು. ಬಳ್ಳಾರಿಯ ಅಕ್ಷಾಂಶ ಸುಮಾರು 15 ಡಿಗ್ರಿ. ಏಪ್ರಿಲ್ ಕೊನೆ-ಮೇ ಮೊದಲಲ್ಲಿ ಒಮ್ಮೆ, ಆಗಸ್ಟ್ ನಡುವಿಗೆ ಇನ್ನೊಮ್ಮೆ ಅಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಉಳಿದ ದಿನಗಳಲ್ಲೂ ಹತ್ತರಿಂದ ಮೂರರವರೆಗೆ ಬೆಳಕು ಮೇಲಿನಿಂದ ಸುರಿಯುತ್ತದೆ. ಮಲಗಿದ ಬಂಡೆಯ ಮೈಯಲ್ಲಿ ಕೊರೆದದ್ದು, ಕುಟ್ಟಿದ್ದು, ಉಜ್ಜಿದ್ದು ಎಲ್ಲವೂ ಆ ಬೆಳಕಿನಲ್ಲಿ ಅಳಿಸಿಹೋಗುತ್ತದೆ. ನಮ್ಮ ಕಣ್ಣಿಗೆ ಉಬ್ಬು-ತಗ್ಗು ತಿಳಿಯುವುದು ನೆರಳಿನಿಂದ. ಬೆಳಕು 45 ಡಿಗ್ರಿ ಕೋನದಲ್ಲಿ ಬಿದ್ದರೆ ಒಂದು ಮಿ.ಮೀ. ಉಬ್ಬಿಗೆ ಒಂದು ಮಿ.ಮೀ. ನೆರಳು. ಅದೇ ಬೆಳಕು 5 ಡಿಗ್ರಿಗೆ ಇಳಿದರೆ ಆ ಉಬ್ಬಿನ ನೆರಳು 11 ಮಿ.ಮೀ. ಗಿಲಾವು ಮುಗಿದ ಗೋಡೆಗೆ ಬಲ್ಬನ್ನು ಒತ್ತಿ ಹಿಡಿದು ಮೇಸ್ತ್ರಿ ಏರುತಗ್ಗು ಹುಡುಕುತ್ತಾನಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಹಗಲು ಈ ಬೆಳಕು ಸಿಗುವುದು ಮುಂಜಾನೆ, ಮುಸ್ಸಂಜೆಯ ಕೆಲವೇ ನಿಮಿಷ, ಅದೂ ಒಂದೇ ದಿಕ್ಕಿನಿಂದ. ಕತ್ತಲಲ್ಲಾದರೆ ಕೈಯಲ್ಲಿರುವ ಟಾರ್ಚನ್ನು ಬಂಡೆಯ ಅಂಚಿಗೆ ಹಿಡಿದು, ಬೇಕಾದ ದಿಕ್ಕಿನಿಂದ, ಬೇಕಾದಷ್ಟು ಹೊತ್ತು ನೋಡಬಹುದು.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಈ ಪಾಠವನ್ನು ತಡವಾಗಿ ಕಲಿಸಿತು. ಶತಮಾನಗಳಿಂದ ವಿದ್ವಾಂಸರು ಆ ಕಂಬಗಲ್ಲುಗಳನ್ನು ಅಳೆದಿದ್ದರು, ಬರೆದಿದ್ದರು, ಚಿತ್ರಿಸಿದ್ದರು. 1953ರ ಜುಲೈನಲ್ಲಿ ಪುರಾತತ್ತ್ವಜ್ಞ ರಿಚರ್ಡ್ ಅಟ್ಕಿನ್ಸನ್ ಒಂದು ಕಲ್ಲಿನ ಫೋಟೊ ತೆಗೆಯಲು ನಿಂತಾಗ, ಸಂಜೆಯ ಓರೆ ಬಿಸಿಲಿನಲ್ಲಿ ಕಠಾರಿಯೊಂದರ ಆಕಾರ, ಅದರ ಬಳಿ ಕೊಡಲಿಗಳ ಅಲಗುಗಳು ಕಂಡವು. ಲಕ್ಷಾಂತರ ಜನ ಎದುರಿಗೇ ನಿಂತು ನೋಡಿದ್ದ ಕಲ್ಲು ಅದು. 2012ರಲ್ಲಿ ಲೇಸರ್ ಸ್ಕ್ಯಾನಿಂಗ್ ವರದಿ ಬಂದಾಗ ಅಂಥ ಕೊಡಲಿ ಗುರುತುಗಳ ಸಂಖ್ಯೆ ನೂರನ್ನು ದಾಟಿತು. ಯಂತ್ರ ಮಾಡಿದ್ದೂ ಮೂಲತಃ ಅದೇ ಕೆಲಸ: ಮೇಲ್ಮೈಯ ಅತಿ ಸಣ್ಣ ಏರುಪೇರನ್ನು ಅಳೆದು, ಅದರ ಮೇಲೆ ಕಂಪ್ಯೂಟರಿನೊಳಗೆ ಓರೆ ಬೆಳಕು ಬಿಡುವುದು.

ನಮ್ಮಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಿರುವವರು ಶಾಸನ ಓದುವವರು. ಸವೆದ ವೀರಗಲ್ಲಿನ ಅಕ್ಷರ ಹಗಲು ಕೈಕೊಟ್ಟಾಗ ಸಂಜೆಯವರೆಗೆ ಕಾದು, ಪಕ್ಕದಿಂದ ದೀಪ ಹಿಡಿದು ಓದಿಕೊಂಡವರಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳ ತ್ರೀ-ಡಿ ಸ್ಕ್ಯಾನ್ ಮಾಡಿಸುತ್ತಿದೆ. ಕಣ್ಣಿಗೆ ಬರೀ ಒರಟು ಕಲ್ಲಾಗಿ ಕಾಣುವ ಫಲಕದಲ್ಲಿ ಸಾಲುಸಾಲು ಕನ್ನಡ ಅಕ್ಷರ ಏಳುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಟಾರ್ಚ್ ಅಷ್ಟು ಮಾಡಲಾರದು. ಆದರೆ ಅಕ್ಷರದ ಮೇಲೆ ಬಳಪ ತೀಡಿ, ಹಿಟ್ಟು ಸವರಿ, ನೀರು ಎರಚಿ ಕಲ್ಲನ್ನು ಕೆಡಿಸುವ ಕೆಟ್ಟ ಅಭ್ಯಾಸವಿದೆಯಲ್ಲ, ಅದನ್ನು ಬಿಡಿಸಲು ಒಂದು ಟಾರ್ಚ್ ಸಾಕು.

ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲು-ಕಪ್ಪಗಲ್ಲು ಗುಡ್ಡಗಳಿಗೆ ಈ ಮಾತು ಬಹಳ ಹೊಂದುತ್ತದೆ. ನವಶಿಲಾಯುಗದ ದನಗಾಹಿಗಳು, ರೈತರು, ಕಲ್ಲುಕೊಡಲಿ ಮಾಡುವವರು ಸುಮಾರು 4,000 ವರ್ಷಗಳ ಹಿಂದೆ ಇಲ್ಲಿ ಬಾಳಿದ್ದರು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಕಲ್ಲಿನ ಉದ್ದನೆಯ ಒಡ್ಡು ಮೇಲೆದ್ದಿದೆ. ಅದರ ಬಂಡೆಗಳ ಮೇಲೆ ನೂರಾರು ಕುಟ್ಟುಚಿತ್ರಗಳು. ಹೆಚ್ಚಿನವು ದನಗಳು: ನೀಳ ಕೊಂಬು, ಎತ್ತಿದ ಹಿಣಿಲು, ಕೆಲವೇ ಗೆರೆಯಲ್ಲಿ ಜೀವಂತವಾಗಿ ನಿಂತ ಗೂಳಿಗಳು. ಮನುಷ್ಯರೂ ಇದ್ದಾರೆ. ಹೊಸದಾಗಿ ಕುಟ್ಟಿದಾಗ ಕಪ್ಪು ಕಲ್ಲಿನ ತೊಗಟೆ ಹೋಗಿ ಒಳಗಿನ ತಿಳಿಬಣ್ಣ ಕಾಣುತ್ತದೆ. ಸಾವಿರಾರು ವರ್ಷ ಕಳೆದಂತೆ ಆ ಗಾಯದ ಮೇಲೂ ಕಂದು-ಕಪ್ಪು ಪೊರೆ ಕಟ್ಟಿ ಚಿತ್ರ ಬಂಡೆಯ ಬಣ್ಣಕ್ಕೇ ತಿರುಗುತ್ತದೆ. ಹೀಗಾಗಿ ಹಗಲು ಹೋದವರಿಗೆ ಎದ್ದು ಕಾಣುವುದು ಇತ್ತೀಚೆಗೆ ಯಾರೋ ಕೆತ್ತಿದ ಹೆಸರು, ಬಾಣ ಚುಚ್ಚಿದ ಹೃದಯ. ಹಳೆಯ ಗೂಳಿ ಅದರ ಪಕ್ಕದಲ್ಲೇ ಅಡಗಿರುತ್ತದೆ. ಬಣ್ಣದ ವ್ಯತ್ಯಾಸ ಸತ್ತ ಮೇಲೆ ಉಳಿಯುವುದು ಅಲ್ಪಸ್ವಲ್ಪ ಆಳದ ವ್ಯತ್ಯಾಸ ಮಾತ್ರ. ಅದನ್ನು ಹೊರಗೆ ತರುವುದು ಕತ್ತಲೆ ಮತ್ತು ಓರೆ ಬೆಳಕು.

ಟಾರ್ಚಿನ ಮಾತು ಇಷ್ಟಾಯಿತು. ಬೆಳದಿಂಗಳಿನದು ಬೇರೆಯೇ ದಾರಿ. ಪೂರ್ಣ ಚಂದ್ರನ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಅಷ್ಟರಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ, ಸೂಕ್ಷ್ಮ ಗೆರೆಯನ್ನೂ ಬಿಡಿಸುವುದಿಲ್ಲ. ಕಪ್ಪಗಲ್ಲಿನ ಗೂಳಿಯನ್ನು ಹುಣ್ಣಿಮೆಯಲ್ಲಿ ಹುಡುಕಿದರೆ ಸಿಗದು. ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿರುವ ಕೆಮ್ಮಣ್ಣಿನ ಚಿತ್ರಗಳಂತೂ ಇನ್ನೂ ಕಷ್ಟ. ಮಬ್ಬು ಬೆಳಕಿನಲ್ಲಿ ಮೊದಲು ಸಾಯುವ ಬಣ್ಣ ಕೆಂಪು. ಕಣ್ಣಿನ ಕತ್ತಲ ಹದ ಕೆಡದಿರಲೆಂದು ಆಕಾಶ ನೋಡುವವರು ಕೆಂಪು ಟಾರ್ಚ್ ಒಯ್ಯುತ್ತಾರೆ. ಅದರ ಬೆಳಕಿನಲ್ಲಿ ಬಿಳಿಚು ಬಂಡೆಯ ಮೇಲಿನ ಕೆಂಪು ಚಿತ್ರ ಪೂರಾ ಮಾಯವಾಗುತ್ತದೆ. ಬಣ್ಣದ ಚಿತ್ರಗಳನ್ನು ಹಗಲೇ ನೋಡಬೇಕು.

ಬೆಳದಿಂಗಳಲ್ಲಿ ಕಾಣುವುದು ದೊಡ್ಡದು, ಇಡೀ ನೆಲೆಯ ಜೋಡಣೆ. ಹಗಲು ಒಂದು ಗೋರಿಯಿಂದ ಇನ್ನೊಂದಕ್ಕೆ ಫೋಟೊ ತೆಗೆಯುತ್ತ ಹೋಗುವವರಿಗೆ ಪೊದೆ, ಹುಲ್ಲು, ಬಣ್ಣ, ಬಿಸಿಲು ಎಲ್ಲ ಸೇರಿ ನಾಲ್ಕುನೂರು ಗೋರಿಗಳ ಊರು ಒಟ್ಟಾಗಿ ಕಾಣುವುದೇ ಇಲ್ಲ. ಚಂದ್ರ ಆಗತಾನೆ ಎದ್ದಾಗ ಪ್ರತಿ ಚಪ್ಪಡಿಗೂ ಒಂದು ಉದ್ದ ನೆರಳು ಬೀಳುತ್ತದೆ, ಎಲ್ಲ ನೆರಳೂ ಒಂದೇ ದಿಕ್ಕಿಗೆ. ಚಿಕ್ಕಪುಟ್ಟ ವಿವರಗಳು ಮುಳುಗಿ, ನಿಲ್ಲಿಸಿದ ಕಲ್ಲು ಯಾವುದು, ತಾನಾಗಿ ಬಿದ್ದ ಬಂಡೆ ಯಾವುದು ಎಂಬುದು ಬೇರೆಬೇರೆಯಾಗುತ್ತದೆ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಬಯಲಿನ ಮೇಲೆ ದೊಡ್ಡ ಬಂಡೆಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಅಲ್ಲಿ ನೋಡಬೇಕಾದ್ದೇ ಸಾಲು. ತಗ್ಗಿನಿಂದ ಬರುವ ಬೆಳಕು ಅದಕ್ಕೆ ಬೇಕೇ ಬೇಕು.

ತಿಥಿ ನೋಡಿ ಹೋಗಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡಣದಲ್ಲಿ ಏಳುತ್ತಾನೆ. ಅಲ್ಲಿಂದ ಒಂದೂವರೆ-ಎರಡು ತಾಸು ನೆರಳು ಉದ್ದವಾಗಿರುತ್ತದೆ. ಚಳಿಗಾಲದ ಹುಣ್ಣಿಮೆಯಲ್ಲಿ ಮಧ್ಯರಾತ್ರಿಯ ಚಂದ್ರ ನಮ್ಮ ನೆತ್ತಿಯ ಹತ್ತಿರ ಬರುತ್ತಾನೆ. ಬೇಸಿಗೆಯ ಸೂರ್ಯ ಹಿಡಿಯುವ ದಾರಿಯನ್ನೇ ಚಳಿಗಾಲದ ಪೂರ್ಣ ಚಂದ್ರ ಹಿಡಿಯುತ್ತಾನೆ. ಆಗ ಬೆಳಕು ಮತ್ತೆ ಚಪ್ಪಟೆ. ಅಷ್ಟಮಿಯ ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಿರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಹುಣ್ಣಿಮೆಯ ಹತ್ತನೇ ಒಂದು ಭಾಗದ ಆಸುಪಾಸು. ಅರ್ಧ ಚಂದ್ರನಲ್ಲಿ ಕುಳಿ-ಬೆಟ್ಟಗಳ ನೆರಳು ನಮಗೆ ಕಾಣುವಂತೆ ಬೀಳುವುದು ಇದಕ್ಕೊಂದು ಕಾರಣ. ಇನ್ನು ಕಣ್ಣಿಗೂ ಸಮಯ ಕೊಡಬೇಕು. ಕತ್ತಲೆಗೆ ಅದು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಹಿಡಿಯುತ್ತದೆ. ನಡುವೆ ಒಬ್ಬರು ಮೊಬೈಲ್ ಪರದೆ ಬೆಳಗಿಸಿದರೂ ಎಲ್ಲರ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಕಿವಿಗೂ ರಾತ್ರಿ ಬೇಕು. ಹಿರೇಬೆಣಕಲ್ಲಿನಲ್ಲಿ ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ದುಂಡುಗಲ್ಲು ಕೂತಿದೆ. ಮರದ ಕೊಡತಿಯಿಂದ ಬಡಿದರೆ ಅದರ ದನಿ ಸುಮಾರು ಒಂದು ಕಿ.ಮೀ.ವರೆಗೆ ಕೇಳುತ್ತದೆ ಎನ್ನುತ್ತಾರೆ. ಕಪ್ಪಗಲ್ಲಿನ ಡಾಲರೈಟ್ ಬಂಡೆಗಳಲ್ಲೂ ಮೊಳಗುವ ಕಲ್ಲುಗಳಿವೆ. ಕುಟ್ಟಿ ಕುಟ್ಟಿ ಮಾಡಿದ ಗುಳಿಗಳಿಗೆ ಗುಂಡುಕಲ್ಲು ತಾಗಿಸಿದರೆ ಗಂಟೆಯಂಥ ನಾದ. 2004ರಲ್ಲಿ ನಿಕೋಲ್ ಬೋಯ್ವಿನ್ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದ ಲೇಖನ ಇವುಗಳ ಕಡೆಗೆ ಹೊರ ಜಗತ್ತಿನ ಗಮನ ಸೆಳೆಯಿತು. ಚಿತ್ರ ಕುಟ್ಟುವುದೂ ಕಲ್ಲು ನುಡಿಸುವುದೂ ಒಂದೇ ಆಚರಣೆಯ ಭಾಗವಾಗಿದ್ದಿರಬಹುದು ಎಂಬುದು ಆ ಬರಹದ ವಾದ. ಅದನ್ನು ನಾನು ಒಪ್ಪುತ್ತೇನೆ. ಕೆಲವು ಚಿತ್ರಗಳು ಸುಲಭವಾಗಿ ಕಾಲಿಡಲಾಗದ ಜಾಗದಲ್ಲಿವೆ. ನೋಡುವವರ ಅನುಕೂಲಕ್ಕೆಂದು ಯಾರೂ ಅಲ್ಲಿ ಚಿತ್ರ ಬಿಡಿಸುತ್ತಿರಲಿಲ್ಲ.

ಹಗಲು ನೆಲ ಕಾದು, ನೆಲದ ಬಳಿಯ ಗಾಳಿ ಬಿಸಿಯಾಗಿ, ಶಬ್ದ ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ರಾತ್ರಿ ಇದು ತಿರುವುಮುರುವು. ನೆಲ ತಣಿದು ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಆಗ ಶಬ್ದ ಕೆಳಕ್ಕೆ ಬಾಗಿ ಬಯಲಿನುದ್ದಕ್ಕೂ ಹರಿಯುತ್ತದೆ. ದೂರದ ಊರಿನ ಭಜನೆ, ರೈಲಿನ ಸದ್ದು ರಾತ್ರಿ ಹತ್ತಿರ ಕೇಳುವುದು ಇದರಿಂದಲೇ. ಆ ಕಲ್ಲುಗಳನ್ನು ನುಡಿಸಿದವರಿಗೆ ಈ ಅನುಭವ ಇದ್ದೇ ಇದ್ದಿರಬೇಕು. ಹಾಗೆಂದು ಇಂದು ಹೋದವರು ಅವನ್ನು ಬಡಿಯಕೂಡದು. ಹೋದವರೆಲ್ಲ ಒಂದೊಂದು ಏಟು ಹಾಕಿದರೆ ಗುಳಿಗಳ ಹಳೆಯ ಸವೆತದ ಗುರುತು ಹತ್ತಿಪ್ಪತ್ತು ವರ್ಷದಲ್ಲಿ ಹೋಗುತ್ತದೆ. ಒಮ್ಮೆ ಚೆನ್ನಾಗಿ ಧ್ವನಿಮುದ್ರಣ ಮಾಡಿ, ಆ ದನಿಯನ್ನು ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯದಲ್ಲಿ ಕೇಳಿಸಿದರೆ ಸಾಕು.

ಇನ್ನು ಆಕಾಶ. ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡಬೇಕು, ಏಕೆಂದರೆ ಪುರಾತನ ಕಲ್ಲು ಕಂಡಲ್ಲೆಲ್ಲ ವೇಧಶಾಲೆ ಎನ್ನುವ ಉತ್ಸಾಹ ನಮ್ಮಲ್ಲಿ ಬೆಳೆದಿದೆ. ಗಟ್ಟಿ ಸಾಕ್ಷ್ಯ ಇರುವ ಕಡೆ ಅದು ನಿಜಕ್ಕೂ ಬೆರಗಿನ ಸಂಗತಿ. ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಸುಮಾರು 5,200 ವರ್ಷ ಹಳೆಯ ಸಮಾಧಿಯಲ್ಲಿ ಬಾಗಿಲ ಮೇಲಿನ ಕಿಂಡಿಯಿಂದ ಚಳಿಗಾಲದ ಅಯನ ಸಂಕ್ರಾಂತಿಯ ಮುಂಜಾನೆ ಬಿಸಿಲು ಒಳಗಿನ ಕೋಣೆಯವರೆಗೆ ಹರಿದು ಸುಮಾರು 17 ನಿಮಿಷ ಇರುತ್ತದೆ. ಮೈಕೆಲ್ ಒಕೆಲಿ 1967ರ ಡಿಸೆಂಬರ್‌ನಲ್ಲಿ ಕತ್ತಲಲ್ಲೇ ಒಳಹೊಕ್ಕು ಕಾದು ಕೂತು ಅದನ್ನು ಕಂಡರು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕ್ಯಾಲನಿಶ್ ಕಂಬಗಲ್ಲುಗಳಲ್ಲಿ 18.6 ವರ್ಷಕ್ಕೊಮ್ಮೆ ಚಂದ್ರ ದಕ್ಷಿಣದ ಗುಡ್ಡಗಳ ಸಾಲನ್ನು ಸವರಿಕೊಂಡು ಹೋಗುತ್ತಾನೆ. ಅದನ್ನು ನೋಡಲೆಂದೇ ಜನ ರಾತ್ರಿ ಸೇರುತ್ತಾರೆ. ನಮ್ಮ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಿಲಸಕಲ್ಲು, ಬೈಸೆಯ ಕಂಬಗಲ್ಲುಗಳನ್ನು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಶ್ ರಾವ್ ಅಳೆದರು. ಕೆಲವು ಜೋಡಿ ಕಲ್ಲುಗಳು ಅಯನ ಸಂಕ್ರಾಂತಿಯ ಸೂರ್ಯ ಹುಟ್ಟುವ-ಮುಳುಗುವ ದಿಕ್ಕಿಗೆ ಹೊಂದುತ್ತವೆ ಎಂದು ಅವರು ತೋರಿಸಿಕೊಟ್ಟಿದ್ದಾರೆ.

ಇಂಥ ಲೆಕ್ಕಕ್ಕೆ ಸಂಶೋಧಕರು ನಕ್ಷತ್ರಕ್ಕಿಂತ ಸೂರ್ಯನನ್ನೇ ನೆಚ್ಚುತ್ತಾರೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತು ಓಲಾಡುತ್ತದೆ. ಅದರಿಂದ ಸಂಕ್ರಾಂತಿಯ ಸೂರ್ಯ ಹುಟ್ಟುವ ಜಾಗ ಹೆಚ್ಚು ಬದಲಾಗುವುದಿಲ್ಲ, ನಕ್ಷತ್ರಗಳು ಹುಟ್ಟುವ ಜಾಗ ಬಹಳ ಬದಲಾಗುತ್ತದೆ. ಹಿರೇಬೆಣಕಲ್ಲಿನ ಗೋರಿ ಕಟ್ಟಿದವರಿಗೆ ಇಂದಿನ ಧ್ರುವ ನಕ್ಷತ್ರ ಧ್ರುವವಾಗಿರಲಿಲ್ಲ. ಅದೂ ಉಳಿದವುಗಳಂತೆ ಸುತ್ತುತ್ತಿತ್ತು. ಇಂದು ಪೂರ್ವಕ್ಕಿಂತ ಸಾಕಷ್ಟು ಉತ್ತರಕ್ಕೆ ಸರಿದು ಹುಟ್ಟುವ ಕೃತ್ತಿಕೆ, ಸುಮಾರು 4,300 ವರ್ಷಗಳ ಹಿಂದೆ ನೇರ ಪೂರ್ವದಲ್ಲಿ ಹುಟ್ಟುತ್ತಿತ್ತು. ಏಪ್ರಿಲ್-ಮೇ ರಾತ್ರಿಗಳಲ್ಲಿ ದಕ್ಷಿಣದ ಅಂಚಿನಲ್ಲಿ ತ್ರಿಶಂಕು ಏಳುವುದನ್ನು ಈ ಬೆಟ್ಟಗಳ ಮೇಲಿಂದ ಈಗಲೂ ನೋಡಬಹುದು. ಅವರು ನೋಡಿದಾಗ ಅದು ಇನ್ನೂ ಮೇಲಿತ್ತು. ಅದೇ ಕಲ್ಲಿಗೆ ಬೆನ್ನು ಕೊಟ್ಟು ಕೂತು, ಅವರ ಆಕಾಶಕ್ಕೂ ನಮ್ಮದಕ್ಕೂ ಇರುವ ಈ ವ್ಯತ್ಯಾಸವನ್ನು ಒಬ್ಬ ಮೇಷ್ಟ್ರು ಮಕ್ಕಳಿಗೆ ವಿವರಿಸುವುದನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಎರಡೂವರೆ ಸಾವಿರ ವರ್ಷ ಎಂದರೆ ಎಷ್ಟು ಎಂಬುದು ತರಗತಿಯಲ್ಲಿ ಹೀಗೆ ತಿಳಿಯದು.

ಬೂದಿದಿಬ್ಬಗಳ ಮಾತು ಹೇಳದಿದ್ದರೆ ಈ ಸೀಮೆಯ ರಾತ್ರಿಯ ಚಿತ್ರ ಅರ್ಧವಾಗುತ್ತದೆ. ಬಳ್ಳಾರಿ ಬಳಿಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ, ಹಂಪಿ ಬಳಿಯ ನಿಂಬಾಪುರ, ಹೀಗೆ ಹಲವು ಕಡೆ ಬೂದಿಯ ದಿಬ್ಬಗಳಿವೆ. ನಿಂಬಾಪುರದ್ದನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. 1957ರಲ್ಲಿ ಉಟ್ನೂರಿನ ಬೂದಿದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್, ಮುಂದೆ ಬೂದಿಹಾಳದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಕೆ. ಪದ್ದಯ್ಯ ಅವರಿಂದ ಇದು ನವಶಿಲಾಯುಗದ ದನದ ದೊಡ್ಡಿಗಳ ಸಗಣಿ ಎಂಬುದು ಖಚಿತವಾಗಿದೆ. ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದಾರೆ. ಕೆಲವು ಕಡೆ ಬೂದಿ ಕರಗಿ ಗಾಜಿನಂತಾಗುವಷ್ಟು ಬೆಂಕಿ. ಅದು ಹಬ್ಬದ ಬೆಂಕಿಯಾಗಿದ್ದಿರಬಹುದು, ಋತು ತಿರುಗುವಾಗ ದನಗಳನ್ನು ಅದರ ಬಳಿ ಹಾಯಿಸಿರಬಹುದು ಎಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡ ನಮಗೆ ಆ ಊಹೆ ದೂರದ್ದು ಅನ್ನಿಸುವುದಿಲ್ಲ. ಸಮತಟ್ಟು ಬಯಲಿನಲ್ಲಿ ದಿನಗಟ್ಟಲೆ ಉರಿದ ಬೆಂಕಿ ರಾತ್ರಿ ಎಷ್ಟು ಊರುಗಳಿಗೆ ಕಂಡಿರಬೇಕು!

ಇಷ್ಟೆಲ್ಲ ಇದ್ದ ಮಾತ್ರಕ್ಕೆ ನಾಳೆಯೇ ಚೀಲ ಹೆಗಲಿಗೇರಿಸಿ ಹೊರಡಿ ಎಂದು ನಾನು ಹೇಳುತ್ತಿಲ್ಲ. ಅನುಮತಿಯಿಲ್ಲದೆ ರಾತ್ರಿ ರಕ್ಷಿತ ನೆಲೆಗೆ ಹೋಗುವುದು ತಪ್ಪು. ಅಲ್ಲಿ ಹಾನಿಯಾದರೆ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನಿಗಿಂತ ಹತ್ತಿರದ ಅಪಾಯ ಕರಡಿ. ದರೋಜಿ, ಗಂಗಾವತಿ, ಆನೆಗೊಂದಿಯ ಕಲ್ಲುಗುಡ್ಡಗಳು ಕರಡಿ, ಚಿರತೆಗಳ ಮನೆ. ಕರಡಿ ಗವಿ ಬಿಟ್ಟು ಮೇವಿಗೆ ಹೊರಡುವುದೇ ಮುಸ್ಸಂಜೆಗೆ. ಕಾದ ಬಂಡೆಯ ಮೇಲೆ ಮಂಡಲದ ಹಾವು ಬಂದು ಮಲಗುತ್ತದೆ, ಗೋರಿಯೊಳಗಿನ ಸಡಿಲ ಕಲ್ಲಿನಡಿ ಚೇಳು. ಚಳಿಗೆಂದು ಬೆಂಕಿ ಹಾಕುವವರು ಕಲ್ಲಿಗೆ ದೊಡ್ಡ ಕೇಡು ಮಾಡುತ್ತಾರೆ. ಗ್ರಾನೈಟ್ ಒಂದೇ ಕಡೆ ಕಾದರೆ ಪದರ ಪದರವಾಗಿ ಸಿಡಿಯುತ್ತದೆ. ಗೋರಿಯ ಪಕ್ಕ ಹೂಡಿದ ಒಂದು ಒಲೆ ಚಪ್ಪಡಿಯ ಮುಖವನ್ನೇ ಕಿತ್ತುಹಾಕಬಹುದು.

ಆದರೆ ನಿಯಮದೊಳಗೇ ದಾರಿಗಳಿವೆ, ಬೇರೆ ಕಡೆ ನಡೆದೂ ಇವೆ. ಭದ್ರತೆಯ ಕಾರಣಕ್ಕೆ ವರ್ಷಗಳ ಕಾಲ ಮುಚ್ಚಿದ್ದ ತಾಜ್ ಮಹಲಿನ ರಾತ್ರಿ ವೀಕ್ಷಣೆಗೆ 2004ರಲ್ಲಿ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ಹುಣ್ಣಿಮೆ, ಅದರ ಹಿಂದಿನ ಎರಡು, ಮುಂದಿನ ಎರಡು ರಾತ್ರಿ, 50 ಜನರ ಎಂಟು ತಂಡ, ತಂಡಕ್ಕೆ ಅರ್ಧ ಗಂಟೆ. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆಯುವುದಾಗಿ ಹೇಳಿದಾಗ ಪಟ್ಟದಕಲ್ಲು, ಗೋಳಗುಮ್ಮಟ ಆ ಪಟ್ಟಿಯಲ್ಲಿದ್ದವು. ಪ್ರಾಗಿತಿಹಾಸದ ಒಂದು ನೆಲೆಯೂ ಇರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದ ಚಾಕೊ ಕಣಿವೆಯ ಪ್ರಾಚೀನ ಕಲ್ಲುಮನೆಗಳ ಉದ್ಯಾನ 2013ರಲ್ಲಿ ಅಂತರರಾಷ್ಟ್ರೀಯ 'ಡಾರ್ಕ್ ಸ್ಕೈ' ಮನ್ನಣೆ ಪಡೆಯಿತು. ಅಲ್ಲಿ ದೀಪಗಳನ್ನು ತಗ್ಗಿಸಿ, ಕತ್ತಲೆಯನ್ನೂ ಕಾಪಾಡಬೇಕಾದ ಸಂಪತ್ತೆಂದು ನೋಡಿಕೊಳ್ಳುತ್ತಾರೆ. ಸ್ಟೋನ್‌ಹೆಂಜ್‌ಗೆ 1985ರ ಬೇಸಿಗೆ ಸಂಕ್ರಾಂತಿಯ ಹೊತ್ತಿಗೆ ಹೊರಟವರನ್ನು ಪೊಲೀಸರು ತಡೆದು, ಹೊಡೆದಾಟವಾಗಿ, 500ಕ್ಕೂ ಹೆಚ್ಚು ಜನರ ಬಂಧನವಾಗಿತ್ತು. ನಿಷೇಧ, ಜಗಳಗಳ ಹದಿನೈದು ವರ್ಷ ಕಳೆದ ಮೇಲೆ 2000ದಿಂದ ಆ ಒಂದು ರಾತ್ರಿ ಕಲ್ಲುಗಳ ನಡುವೆ ನಿಲ್ಲಲು ಎಲ್ಲರಿಗೂ ಉಚಿತ ಪ್ರವೇಶ ಸಿಗುತ್ತಿದೆ. ಕಲ್ಲು ಹತ್ತುವಂತಿಲ್ಲ, ಮದ್ಯ ಇಲ್ಲ, ಬೆಂಕಿ ಇಲ್ಲ. ತಡೆಯುವುದಕ್ಕಿಂತ ಜೊತೆಗಿರುವುದು ಕಲ್ಲಿಗೂ ಕ್ಷೇಮ ಎಂದು ಅವರು ಕಂಡುಕೊಂಡರು.

ನಮ್ಮಲ್ಲಿ ಸ್ಮಾರಕದ ರಾತ್ರಿ ಎಂದೊಡನೆ ಕೆಲವರಿಗೆ ಬಣ್ಣದ ದೀಪ, ಧ್ವನಿವರ್ಧಕ, ವೇದಿಕೆ ನೆನಪಾಗುತ್ತದೆ. ಉತ್ಸವಗಳಿಗೆ ಅದು ಇರಲಿ. ಹಿರೇಬೆಣಕಲ್ಲಿಗೆ ಒಂದು ಫ್ಲಡ್‌ಲೈಟ್ ಕೂಡ ಬರಬಾರದು. ಕಣ್ಣಿನ ಹದ, ನೆರಳು, ನಕ್ಷತ್ರ, ಮೌನ ಎಲ್ಲವನ್ನೂ ಅದು ಒಂದೇ ಏಟಿಗೆ ಕೊಲ್ಲುತ್ತದೆ. ನನಗೆ ಬೇಕಾಗಿರುವುದು ವರ್ಷಕ್ಕೆ ನಾಲ್ಕೈದು ರಾತ್ರಿ, ಒಂದು ಸಲಕ್ಕೆ ಇಪ್ಪತ್ತು-ಮೂವತ್ತು ಜನ, ಜೊತೆಗೆ ಪುರಾತತ್ತ್ವ ಇಲಾಖೆಯ ಒಬ್ಬರು, ಅರಣ್ಯ ಇಲಾಖೆಯ ಒಬ್ಬರು, ಊರಿನ ನಾಲ್ವರು. ಮಳೆ ನಿಂತು ಗಾಳಿ ತಿಳಿಯಾದ ಮೇಲಿನ ಕಾರ್ತೀಕ ಹುಣ್ಣಿಮೆಯ ಮುಂಜಾವು ಗೋರಿಗಳ ಜೋಡಣೆ ನೋಡಲು ಚೆನ್ನ. ಚಂದ್ರ ಪಡುವಣಕ್ಕೆ ಇಳಿದಿರುತ್ತಾನೆ, ನಾವು ಬೆಟ್ಟ ಇಳಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ಕಪ್ಪಗಲ್ಲಿನ ಕುಟ್ಟುಚಿತ್ರ ಮತ್ತು ನಕ್ಷತ್ರಕ್ಕೆ ಶಿವರಾತ್ರಿ ಚೆನ್ನ. ಅದು ಬಹುಳ ಚತುರ್ದಶಿ, ಚಂದ್ರನಿಲ್ಲದ ರಾತ್ರಿ. ಜಾಗರಣೆ ನಮಗೆ ಹೊಸದೂ ಅಲ್ಲ. ದೊಡ್ಡಾಟ, ಯಕ್ಷಗಾನ, ಜಾತ್ರೆಗಳಿಗೆ ಇಡೀ ರಾತ್ರಿ ಎದ್ದಿರುವ ನಾಡು ಇದು.

ಇದರ ಖರ್ಚು ದೊಡ್ಡದಲ್ಲ. ಲಾಭ ಮೊದಲು ಊರಿಗೆ ಸಿಗಬೇಕು. ದಾರಿ ತೋರಿಸುವವರಿಗೆ, ಕಾಯುವವರಿಗೆ ಕೂಲಿ ಬರಬೇಕು. ವರ್ಷಕ್ಕೆ ನಾಲ್ಕೈದು ಸಲವಾದರೂ ಬೆಟ್ಟದ ಮೇಲೆ ರಾತ್ರಿ ಜನ ಇರುತ್ತಾರೆ ಎಂಬ ಸುದ್ದಿ ಹಬ್ಬಿದರೆ ಗುದ್ದಲಿ ಹೊತ್ತವರಿಗೆ ಅಷ್ಟರಮಟ್ಟಿಗೆ ಅಳುಕು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆನ್ನುವ ನಿಧಿ ಕಾಯ್ದೆ ರಾಜ್ಯದಲ್ಲಿ 1962ರಿಂದ ಇದೆ. ಅದನ್ನು ಪೊಲೀಸ್ ಠಾಣೆಯ ಗೋಡೆಗಿಂತ ಬೆಟ್ಟದ ಬುಡದಲ್ಲಿ, ದೊಡ್ಡ ಅಕ್ಷರದಲ್ಲಿ, ಗೋರಿಯೊಳಗೆ ನಿಜವಾಗಿ ಸಿಗುವ ಮಡಕೆ-ಕಬ್ಬಿಣದ ಫೋಟೊ ಸಮೇತ ಬರೆಸಬೇಕು.

ಯುನೆಸ್ಕೋದ ಅಂತಿಮ ಪಟ್ಟಿಗೆ ಹಿರೇಬೆಣಕಲ್ಲನ್ನು ಕಳಿಸುವಾಗ ನಿರ್ವಹಣಾ ಯೋಜನೆ ಬರೆಯಲೇಬೇಕಾಗುತ್ತದೆ. ದಾರಿ, ಶೌಚಾಲಯ, ಫಲಕ, ವಾಹನ ನಿಲುಗಡೆಗಳ ಜೊತೆ ರಾತ್ರಿಗೂ ಅದರಲ್ಲಿ ಒಂದು ಅಧ್ಯಾಯ ಇರಲಿ. ಆ ಅಧ್ಯಾಯ ಬರೆಯುವವರು ಕೊಪ್ಪಳದ ಕಚೇರಿಯಲ್ಲಿ ಕೂರದೆ ಬೆಟ್ಟದ ಕುರಿಗಾಹಿಗಳ ಬಳಿ ಹೋಗಲಿ. ಕರಡಿ ಯಾವ ಕಣಿವೆಯಿಂದ ಕೆರೆಗೆ ಇಳಿಯುತ್ತದೆ, ಯಾವ ತಿಂಗಳು ಇಳಿಯುವುದಿಲ್ಲ, ಅಮಾವಾಸ್ಯೆಗೆ ಅಪರಿಚಿತ ಗಾಡಿಗಳು ಎಲ್ಲಿ ನಿಲ್ಲುತ್ತವೆ ಎಂಬುದೆಲ್ಲ ಅವರಿಗೆ ಗೊತ್ತು.